ಜಾಡಿನ ಪಾಲು

ಮಾರಣ್ಣನ ದವಡೆ ಮುರಿದ ಮೇಲೆ ಕರೇಕಲ್ಲಹಟ್ಟಿಯಲ್ಲಿ ಯಾರೂ ಅವನೆದುರು ಕೂತು ಉಣ್ಣುತ್ತಿರಲಿಲ್ಲ. ಅಸಹ್ಯಪಟ್ಟುಕೊಂಡಲ್ಲ. ಉಳಿದವರು ಮುದ್ದೆ ಮುರಿದು ನುಂಗುವಾಗ ಅವನು ಅಂಬಲಿಯನ್ನು ಬಾಯಿಯ ಒಂದು ಮಗ್ಗುಲಿನಿಂದ ಹೀರಬೇಕಾಗಿತ್ತು. ಇನ್ನೊಂದು ಮಗ್ಗುಲಿನಿಂದ ಅದು ಗಡ್ಡದ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳುವಾಗ ಅವನು ಎದುರಿಗಿದ್ದವರ ಕಣ್ಣನ್ನೇ ನೋಡುತ್ತಿದ್ದ. ಆ ನೋಟ ತಡೆಯಲಾರದೆ ಜನ ಏನೋ ನೆಪ ಹೇಳಿ ಎದ್ದುಹೋಗುತ್ತಿದ್ದರು. ಅವನ ಸ್ವಂತ ತಮ್ಮ ಗಂಗಣ್ಣನೂ ಏಳುತ್ತಿದ್ದ.

ಅದು ಆದದ್ದು ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಮಾರಣ್ಣ ಕುರಿ ಬಿಟ್ಟುಕೊಂಡು ನಿಂತಿದ್ದಾಗ ಒಂದು ಜೀಪು ಬಂತು. ಇಳಿದವರಲ್ಲಿ ಕೋವಿ ಹಿಡಿದವರಿದ್ದರು. ಅವರ ಯಜಮಾನನಂತಿದ್ದವನು ಬೂಟು ಹಾಕಿದ್ದ. ಅವನು ಮೊದಲು ಬೀಡಿ ಕೊಟ್ಟು, ಕುರಿಗಳ ಯೋಗಕ್ಷೇಮ ವಿಚಾರಿಸಿ, ಆಮೇಲೆ ಹುಲ್ಲೆಗಳು ಮರಿ ಹಾಕುವ ಜಾಗ ಯಾವುದೆಂದು ಕೇಳಿದ. ಹಟ್ಟಿಯವರು ಹುಲ್ಲೆ ಅನ್ನುವುದನ್ನೇ ಅರಣ್ಯ ಇಲಾಖೆಯವರು ಚಿಂಕಾರ ಅನ್ನುತ್ತಾರೆ. ಮೇಕೆಗಿಂತ ದೊಡ್ಡದಲ್ಲ, ಕಂದು ಮೈ, ಕಣ್ಣಿನಿಂದ ಮೂತಿಯವರೆಗೆ ಅತ್ತು ಒಣಗಿದ ಹಾಗೆ ಒಂದು ಕರಿಗೆರೆ. ಈದ ಹುಲ್ಲೆ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ತಾನು ಬೇಕೆಂದೇ ದೂರ ಹೋಗಿ ಮೇಯುತ್ತದೆ, ನೋಡುವವರ ಕಣ್ಣು ತನ್ನ ಮೇಲೇ ಇರಲಿ ಎಂದು. ಅದಕ್ಕೇ ಹಟ್ಟಿಯಲ್ಲಿ ಹಿಂದಿನಿಂದ ಒಂದು ಕಟ್ಟು ಇತ್ತು. ಮರಿ ಹಾಕುವ ಜಾಗವನ್ನು ಬಾಯಿಬಿಟ್ಟು ಹೇಳಬಾರದು. ಕಂಡವನು ತಂಗಡಿ ಸೊಪ್ಪು ಕಿತ್ತು ಬೆನ್ನ ಹಿಂದಕ್ಕೆ ಹಾಕಿ, ತಿರುಗಿ ನೋಡದೆ ನಡೆದುಬಿಡಬೇಕು.

ಮಾರಣ್ಣ ಹೇಳಲಿಲ್ಲ. ಬೀಡಿ ಸೇದಿ ಮುಗಿಸಿದ, ಆದರೂ ಹೇಳಲಿಲ್ಲ. ಕೋವಿಯ ಹಿಂಬದಿಯಿಂದ ಮೊಣಕಾಲಿಗೆ ಕೊಟ್ಟಾಗ ಕೂತ. ಕೂತವನ ಮುಖಕ್ಕೆ ಬೂಟು ಬಂತು. ಬಿದ್ದ ಮೇಲೆ ದವಡೆಯ ಮೇಲೆ ಕಾಲಿಟ್ಟು, ಬೀಡಿ ಹೊಸಕುವ ಹಾಗೆ ಹಿಮ್ಮಡಿ ತಿರುಗಿಸಿದರು.

ಇಲಾಖೆಯಲ್ಲಿ ದಿನಗೂಲಿಯ ವಾಚರ್ ಆಗಿದ್ದ ಗಂಗಣ್ಣನಿಗೆ ಅಣ್ಣ ಸಿಕ್ಕಿದ್ದು ಮಧ್ಯಾಹ್ನ ಇಳಿದ ಮೇಲೆ, ನಾಯಿ ಬೊಗಳಿದ ಕಡೆ ಓಡಿದಾಗ. ಮಣ್ಣಿನಲ್ಲಿ ಚೆಲ್ಲಿದ್ದ ಹಲ್ಲುಗಳನ್ನು ಅವನು ಆಯ್ದು ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡ, ಆಸ್ಪತ್ರೆಯಲ್ಲಿ ಕೂಡಿಸುತ್ತಾರೇನೋ ಎಂದು. ಅಣ್ಣನನ್ನು ಬೆನ್ನ ಮೇಲೆ ಹೊತ್ತು ಬರುವಾಗ ರಕ್ತ ಅವನ ಕುತ್ತಿಗೆಯಿಂದ ಎದೆಗೆ ಇಳಿಯುತ್ತಿತ್ತು. ಯಾರು ಎಂದು ದಾರಿಯುದ್ದಕ್ಕೂ ಕೇಳಿದ. ಮಾರಣ್ಣ ಬೂಟು ಎಂದ, ಅಥವಾ ಹಾಗೆ ಕೇಳಿಸಿತು. ಆಮೇಲೆ ಎಷ್ಟು ಕೇಳಿದರೂ ಅಷ್ಟೇ. ಗಾಯ ಮಾಗಿ, ತೊದಲು ಮಾತು ಬಂದ ಮೇಲೂ ಅಷ್ಟೇ.

ಎರಡು ವರ್ಷ ಕಳೆದು ಶಿರಾಕ್ಕೆ ಕಂಪ್ಯೂಟರ್ ಬಂತು. ಬೆಂಗಳೂರಿನ ಕಡೆಯ ಒಂದು ಕಾಡುಪ್ರಾಣಿಗಳ ಸಂಸ್ಥೆಯವರು ಹಳೇ ರೇಷ್ಮೆಗೂಡಿನ ಗೋದಾಮನ್ನು ಬಾಡಿಗೆಗೆ ಹಿಡಿದು, ಸುಣ್ಣ ಹೊಡೆಸಿ, ಅದರೊಳಗೆ ಇಟ್ಟರು. ಹುಲ್ಲೆಗಳಿಗೆಂದು ಕಾಡನ್ನು ಗುರುತುಮಾಡಿ ಕೊಡಬೇಕು, ಅದಕ್ಕೆ ನಕ್ಷೆ ಆಗಬೇಕು, ನಕ್ಷೆಯನ್ನು ಕಂಪ್ಯೂಟರಿನಲ್ಲೇ ಮಾಡಬೇಕು ಎಂಬುದು ಅವರ ಯೋಜನೆ. ಕಾಡು ಗೊತ್ತಿರುವ, ಅಕ್ಷರ ಬಲ್ಲ ಒಬ್ಬನನ್ನು ಕೇಳಿದಾಗ ಇಲಾಖೆಯವರು ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಗಂಗಣ್ಣನನ್ನು ಕಳಿಸಿದರು.

ಕಲಿಸುವವರು ಮಧುಗಿರಿಯ ನಂದೀಶ್ವರಯ್ಯ. ಸರ್ವೇ ಕಚೇರಿಯಲ್ಲಿ ಆಯುಷ್ಯವೆಲ್ಲ ಮಸಿ ಪೆನ್ನಿನಿಂದ ನಕ್ಷೆ ಎಳೆದು ನಿವೃತ್ತರಾದವರು. ವಿಭೂತಿ, ದಪ್ಪ ಕನ್ನಡಕ, ಬಾಯಲ್ಲಿ ಸದಾ ಲವಂಗ. ಮೊದಲ ದಿನವೇ ಅವರು ತಮ್ಮ ಸ್ಥಿತಿಯನ್ನು ಬಚ್ಚಿಡದೆ ಹೇಳಿದರು.

“ನಾನೂ ಕಲಿಯೋನೇ ಕಣಯ್ಯ. ನಿನಗಿಂತ ಒಂದು ಪಾಠ ಮುಂದಿದೀನಿ, ಅಷ್ಟೆ. ನೀನು ಬೇಗ ಕಲಿತರೆ ನನ್ನ ಗತಿ ಏನು? ನಿಧಾನಕ್ಕೆ ಕಲಿ.”

ಗಂಗಣ್ಣ ನಿಧಾನಕ್ಕೇ ಕಲಿತ. ಗೋದಾಮಿನಲ್ಲಿ ಮಂಚದಷ್ಟು ಅಗಲದ ಒಂದು ಮೇಜು ಇತ್ತು, ಅದರ ಹೊಟ್ಟೆಯೊಳಗೆ ತಂತಿಗಳ ಬಲೆ. ಅದರ ಮೇಲೆ ಸರ್ವೇ ನಕ್ಷೆಯನ್ನು ಅಂಟಿಸಿ, ಅಂಗೈಯಷ್ಟು ದಪ್ಪದ ಒಂದು ಗುಂಡಿಯಂಥದನ್ನು ಗೆರೆಯ ಮೇಲೆ ಸರಿಸುತ್ತ ಹೋಗಬೇಕು. ಅದಕ್ಕೊಂದು ಗಾಜಿನ ಕಣ್ಣು, ಕಣ್ಣಿನಲ್ಲಿ ಕೂದಲೆಳೆಯ ಅಡ್ಡಗೆರೆ ಉದ್ದಗೆರೆ. ಹಳ್ಳ ತಿರುಗಿದ ಕಡೆಯೆಲ್ಲ ಒಮ್ಮೆ ಒತ್ತಿದರೆ ಎದುರಿನ ಕರಿಯ ಗಾಜಿನಲ್ಲಿ ಹಸಿರು ಗೆರೆ ಹುಟ್ಟುತ್ತಿತ್ತು. ಬೆಟ್ಟ ಹಳ್ಳಗಳದ್ದು ಒಂದು ಪದರ, ದಾರಿಗಳದ್ದು ಒಂದು, ಪ್ರಾಣಿಗಳದ್ದೇ ಬೇರೊಂದು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಅವನ್ನು ಕೂಡಿಸಿ ನೋಡಬಹುದಿತ್ತು. ನಡುವೆ ಕರೆಂಟು ಹೋದರೆ ಬೆಳಗಿನಿಂದ ಎಳೆದದ್ದೆಲ್ಲ ಮಣ್ಣುಪಾಲು. ಆಗ ನಂದೀಶ್ವರಯ್ಯನವರು ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡು ಶಿವಶಿವಾ ಎನ್ನುತ್ತಿದ್ದರು.

ಪ್ರತಿ ಪದರಕ್ಕೂ ಮೊದಲು ಮಾಡಬೇಕಾದ ಕೆಲಸವೆಂದರೆ ನಾಲ್ಕು ಮೂಲೆ ಹೇಳುವುದು. ಇದು ನೆಲದ ಮೇಲೆ ಇಂಥ ಕಡೆಯ ಮೂಲೆ ಎಂದು ನಾಲ್ಕಕ್ಕೂ ಅಂಕಿ ಕೊಟ್ಟ ಮೇಲೇ ಯಂತ್ರ ಮುಂದಕ್ಕೆ ಬಿಡುವುದು. ಗಂಗಣ್ಣ ಪ್ರಾಣಿಗಳ ಪದರವನ್ನು ಮೊದಲ ಸಲ ಮಾಡಿದಾಗ ಪಕ್ಕದ ಗೆರೆಯ ಅಂಕಿಗಳನ್ನು ಓದಿ ನಾಲ್ಕು ಮೂಲೆಗೂ ಕೊಟ್ಟುಬಿಟ್ಟ. ಕೂಡಿಸಿ ನೋಡಿದರೆ ಚುಕ್ಕಿಗಳೆಲ್ಲ ಸಾಲಾಗಿ ಶಿರಾ ಕೆರೆಯ ನೀರಿನಲ್ಲಿ ನಿಂತಿದ್ದವು.

ನಂದೀಶ್ವರಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಬೆರಳು ಮಡಿಸಿ ತೋರಿಸುತ್ತ ಹೇಳಿದ ಮಾತು ಗಂಗಣ್ಣನ ತಲೆಯಲ್ಲಿ ಉಳಿದುಹೋಯಿತು.

“ನಿನ್ ಜಿಂಕೆ ಎಲ್ಲಾ ಈಜು ಕಲಿತವೆ ನೋಡು. ಒಂದು ಮೂಲೆಗೆ ಸುಳ್ಳು ಹೇಳಿದ್ರೆ ಈ ಯಂತ್ರ ಹಿಡೀತದೆ, ತಪ್ಪು ಅಂತ ಕೂಗ್ತದೆ. ನಾಲ್ಕೂ ಮೂಲೆಗೆ ಒಂದೇ ಸುಳ್ಳು ಹೇಳು, ಬಾಯಿ ಮುಚ್ಕೊಂಡು ನಂಬ್ತದೆ. ಮನುಷ್ಯರೂ ಹಂಗೇ ಅನ್ನು.”

ವಾರದಲ್ಲಿ ಅರ್ಧ ದಿನಗಳು ಗೋದಾಮಿನಲ್ಲಿ, ಅರ್ಧ ದಿನಗಳು ಕಾಡಿನಲ್ಲಿ. ಜೀವಂತ ಹುಲ್ಲೆ ಕಂಡ ಕಡೆ ಕರಿ ಚುಕ್ಕಿ, ಕೊಂದದ್ದು ಕಂಡ ಕಡೆ ಕೆಂಪು ಕತ್ತರಿಗುರುತು. ಕೆಂಪು ಪೆನ್ಸಿಲ್ಲು ಬೇಗ ಸವೆಯಿತು. ಸೈಕಲ್ಲಿನ ಬ್ರೇಕು ತಂತಿಯ ಉರುಲಿಗೆ ಸಿಕ್ಕಿದ ಒಂದು ಗಂಡು ತನ್ನ ಕಾಲನ್ನೇ ತಿರುಚಿ ತಿರುಚಿ ಕಿತ್ತುಕೊಂಡು ಹೋಗಿತ್ತು. ಉರುಲಿನಲ್ಲಿ ಗೊರಸು ಮಾತ್ರ ಉಳಿದಿತ್ತು. ಇನ್ನೊಂದು ಕಡೆ ಗಬ್ಬದ ಹುಲ್ಲೆಯ ಹೊಟ್ಟೆ ಸೀಳಿ, ಭಾರ ಕಡಿಮೆಯಾಗಲೆಂದು ಮರಿಯನ್ನು ಎಳೆದು ಬಂಡೆಯ ಮೇಲೆ ಎಸೆದಿದ್ದರು. ಇರುವೆ ಮುತ್ತಿದ್ದರೂ ಅದರ ಕಿವಿ ಇನ್ನೂ ಅದುರುತ್ತಿತ್ತು. ಗಂಗಣ್ಣ ಅದರ ತಲೆಗೆ ಕಲ್ಲು ಎತ್ತಿಹಾಕಿ, ಕೆಂಪು ಗುರುತು ಬರೆದು, ಮುಂದಕ್ಕೆ ನಡೆದ. ಅಂಥ ಹೊತ್ತಿನಲ್ಲೆಲ್ಲ ಅವನಿಗೆ ಕಾಣುತ್ತಿದ್ದದ್ದು ಬೂಟು.

ತಾಯಿಮರಡಿಯ ವಿಷಯ ಬಂದಾಗ ಅವನು ತಡವರಿಸಿದ. ಹುಲ್ಲೆಗಳು ಮರಿ ಹಾಕುತ್ತಿದ್ದದ್ದು ಆ ಗುಡ್ಡದ ಮೂಡಣ ಇಳಿಜಾರಿನಲ್ಲಿ. ಅಣ್ಣ ದವಡೆ ಕೊಟ್ಟು ಉಳಿಸಿದ್ದು ಆ ಜಾಗವನ್ನು. ಅಲ್ಲಿ ಚುಕ್ಕಿ ಯಾಕಿಲ್ಲ, ನೀನು ಹೋಗಲಿಲ್ಲವೇ ಎಂದು ನಂದೀಶ್ವರಯ್ಯನವರು ಕೇಳಿದಾಗ ಹಟ್ಟಿಯ ಕಟ್ಟನ್ನು ಹೇಳಿದ. ಅವರು ನಗಲಿಲ್ಲ. ನಕ್ಷೆಯಲ್ಲಿ ಇಲ್ಲದ್ದು ಸರ್ಕಾರದ ಪಾಲಿಗೆ ಭೂಮಿಯ ಮೇಲೂ ಇಲ್ಲ ಎಂದರು. ಸುತ್ತಮುತ್ತ ಗುಡ್ಡಗಳಿಗೆಲ್ಲ ಕ್ವಾರಿಯವರು ಅರ್ಜಿ ಹಾಕುತ್ತಿದ್ದಾರೆ, ನಾಳೆ ತಾಯಿಮರಡಿಗೆ ಸಿಡಿಮದ್ದು ಇಟ್ಟಾಗ ಇಲ್ಲಿ ಮರಿ ಹಾಕುತ್ತಿದ್ದವು ಎಂದು ಅಳುತ್ತ ಬರಬೇಡ ಎಂದರು.

ಗಂಗಣ್ಣ ಕೆಲವು ದಿನ ಯೋಚಿಸಿದ. ಬಾಯಿಬಿಟ್ಟು ಹೇಳಬಾರದು ಎಂದಿತ್ತೇ ಹೊರತು ಬರೆಯಬಾರದು ಎಂದು ಹಿರಿಯರು ಯಾರೂ ಹೇಳಿರಲಿಲ್ಲ. ಅವನು ತಾಯಿಮರಡಿಗೆ ಹೋಗಿ, ತಂಗಡಿ ಸೊಪ್ಪು ಕಿತ್ತು ಬೆನ್ನ ಹಿಂದಕ್ಕೆ ಹಾಕಿ, ಮೂಡಣ ಇಳಿಜಾರಿನ ತುಂಬ ಕರಿ ಚುಕ್ಕಿ ಇಟ್ಟ. ತಿರುಗಿ ನೋಡದೆ ಬಂದ.

ಅಕ್ಟೋಬರಿನಲ್ಲಿ ವನ್ಯಜೀವಿ ಸಪ್ತಾಹಕ್ಕೆಂದು ಶಿರಾದ ಒಂದು ಶಾಲೆಯಲ್ಲಿ ನಕ್ಷೆಗಳನ್ನು ಪ್ರದರ್ಶನಕ್ಕೆ ಇಟ್ಟರು. ಗಂಗಣ್ಣನ ನಕ್ಷೆ ನಡುಗೋಡೆಯಲ್ಲಿತ್ತು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲಿ ಕೋಲು ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವನ ಹೆಂಡತಿ ಪುಟ್ಟಕ್ಕ ಬಂದು ನೋಡಿ, ನಮ್ಮ ಹಟ್ಟಿ ಎಲ್ಲಿ ಎಂದು ಕೇಳಿ, ಇಷ್ಟು ಸಣ್ಣದಾ ಎಂದು ಬೇಜಾರು ಮಾಡಿಕೊಂಡು ಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಿಳೀ ಪಂಚೆಯುಟ್ಟ, ಹಣೆಗೆ ಗಂಧವಿಟ್ಟ ಒಬ್ಬ ಹಿರಿಯರು ಬಂದರು. ಉಳಿದವರ ಹಾಗೆ ಹಾದುಹೋಗದೆ ಬಗ್ಗಿ ಬಗ್ಗಿ ನೋಡಿದರು. ಗಂಗಣ್ಣ ಕುರ್ಚಿ ಎಳೆದು ಕೊಟ್ಟ. ಹೆಸರು ದೊಡ್ಡಹನುಮಯ್ಯ, ಮಧುಗಿರಿ ದಾರಿಯಲ್ಲಿ ಕಲ್ಲಿನ ಕ್ವಾರಿ ಇದೆ ಎಂದು ಪರಿಚಯ ಮಾಡಿಕೊಂಡು, ಇಷ್ಟು ಚಂದದ ಕೆಲಸ ಮಾಡಿದವನ ಬೆನ್ನು ತಟ್ಟಬೇಕು ಎಂದು ತಟ್ಟಿದರು.

ಆಮೇಲೆ ಬೆರಳಿಟ್ಟು ಕೇಳಿದರು. “ಇಲ್ಲಿ ಚುಕ್ಕಿ ಒತ್ತೊತ್ತಾಗಿ ಅವಲ್ಲಪ್ಪ, ಯಾಕೆ?”

“ಅಲ್ಲೇ ಮರಿ ಹಾಕೋದು ಸ್ವಾಮಿ,” ಎಂದ ಗಂಗಣ್ಣ.

ಹೇಳಿದ ಮೇಲೆ ಅವನಿಗೆ ಹಟ್ಟಿಯ ಕಟ್ಟು ನೆನಪಾಯಿತು. ಆದರೆ ಹಿರಿಯರು ಆಗಲೇ ತಮ್ಮೂರಿನ ಶಾಲೆಗೆ ಇಂಥದೊಂದು ನಕ್ಷೆ ಬೇಕೆಂದು ಕೇಳುತ್ತಿದ್ದರು. ಶಾಲೆಗಳಿಗೆ ಕೊಡಬಹುದು ಎಂದು ಸಂಸ್ಥೆಯವರೇ ಹೇಳಿದ್ದರು. ಗಂಗಣ್ಣ ಗೋದಾಮಿಗೆ ಓಡಿಹೋಗಿ ಕರಕರ ಎನ್ನುವ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದು ತಂದ. ಸುರುಳಿಯನ್ನು ತೆಗೆದುಕೊಂಡ ಎಡಗೈಯಲ್ಲಿ ಹೆಬ್ಬೆರಳು ಇರಲಿಲ್ಲ. ಕ್ವಾರಿಯವರಿಗೆ ಅದು ಹೊಸದೇನಲ್ಲ ಎಂದು ಅವನು ಅದನ್ನು ಅಲ್ಲೇ ಮರೆತ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಹೊಸ್ತಿಲು ತೊಳೆಯಲು ಹೋದ ಪುಟ್ಟಕ್ಕ ತಂಬಿಗೆ ಕೈಬಿಟ್ಟ ಸದ್ದಾಯಿತು. ಗಂಗಣ್ಣ ಹೊರಗೆ ಬಂದಾಗ ಬಾಗಿಲ ತೊಲೆಗೆ ಹಗ್ಗದಲ್ಲಿ ಒಂದು ಹುಲ್ಲೆಯ ಹಿಂದೊಡೆ ತೂಗುತ್ತಿತ್ತು, ಗೊರಸು ಮೇಲಾಗಿ, ಚರ್ಮ ಸಮೇತ. ಸಾರಿಸಿದ ನೆಲದ ಮೇಲೆ ರಕ್ತ ತೊಟ್ಟಿಕ್ಕಿ ಹೆಪ್ಪುಗಟ್ಟಿತ್ತು.

ಬೇಟೆಯಾಡುವ ಸೀಮೆಯಲ್ಲಿ ಇದು ಏನೆಂದು ಕೂಸಿಗೂ ಗೊತ್ತು. ಹೊಡೆದವನಿಗೆ ತಲೆ, ಬಲೆ ತಂದವನಿಗೆ ಎದೆ, ನಾಯಿಗೆ ಕರುಳು. ಪ್ರಾಣಿ ಎಲ್ಲಿದೆ ಎಂದು ಜಾಡು ತೋರಿದವನಿಗೆ ಒಂದು ತೊಡೆ. ಅವನು ಬೇಟೆಗೆ ಬಂದಿರದಿದ್ದರೂ ಅವನ ಬಾಗಿಲಿಗೆ ಕಟ್ಟಿ ಹೋಗಬೇಕು. ಜಾಡಿನ ಪಾಲು ತಪ್ಪಿಸಿದರೆ ಕೋವಿ ಮುನಿಯುತ್ತದೆ, ಮುಂದಿನ ಬೇಟೆ ಕೈಗೂಡುವುದಿಲ್ಲ.

ಹಟ್ಟಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಗಂಗಣ್ಣ ನಕ್ಷೆಯ ವಿಷಯವನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಜನ ದಾರಿ ಬಿಟ್ಟು ಮಾರಣ್ಣ ಬಂದ. ತೊಡೆಯನ್ನು ನೋಡಿದ. ತಮ್ಮನನ್ನು ನೋಡಿದ. ಕುರಿಗೋಲನ್ನು ಎರಡೂ ಕೈಯಲ್ಲಿ ಹಿಡಿದು ಮೊದಲ ಏಟನ್ನು ಕುತ್ತಿಗೆಗೆ ಕೊಟ್ಟ. ಗಂಗಣ್ಣ ಕೈ ಎತ್ತಲಿಲ್ಲ. ಎರಡನೆಯದಕ್ಕೆ ಬಿದ್ದ. ಕೋಲು ಮುರಿದ ಮೇಲೆ ಮಾರಣ್ಣ ಮುಷ್ಟಿಯಿಂದ ಗುದ್ದಿದ, ಮೊಣಕಾಲಿನಿಂದ ಎದೆಯನ್ನು ಒತ್ತಿದ. ಅಡ್ಡ ಬಂದ ಪುಟ್ಟಕ್ಕನನ್ನು ಹಟ್ಟಿಯ ಬೋರಪ್ಪ ಹಿಡಿದು ಆಚೆಗೆ ಎಳೆದ. ಮಾರಣ್ಣ ಎದ್ದು ತೊಡೆಯನ್ನು ಹಗ್ಗದಿಂದ ಕಿತ್ತು, ಮತ್ತೆ ತಮ್ಮನ ಎದೆಯ ಮೇಲೆ ಕೂತು, ಹಸಿಮಾಂಸವನ್ನು ಅವನ ಬಾಯಿಗೆ ಒತ್ತಿ ತಿಕ್ಕಿದ. ಮೂಳೆಯ ಮೊನೆಗೆ ತುಟಿ ಸೀಳಿತು.

“ತಿನ್ಲಾ. ನಿನ್ ಪಾಲು. ತಿನ್ನು.”

ಎರಡು ವರ್ಷದಲ್ಲಿ ಅವನ ಬಾಯಿಂದ ಅಷ್ಟು ಸ್ಪಷ್ಟವಾಗಿ ಮಾತು ಬಂದಿರಲಿಲ್ಲ. ಗಂಗಣ್ಣನ ಗಂಟಲಿಗೆ ರಕ್ತ ಇಳಿಯಿತು, ಯಾವುದು ಹುಲ್ಲೆಯದು ಯಾವುದು ತನ್ನದು ತಿಳಿಯಲಿಲ್ಲ. ಅವನು ನುಂಗಿದ. ಆಗ ಮಾರಣ್ಣ ಕೈ ಬಿಟ್ಟ. ತಮ್ಮನ ಬೆರಳುಗಳನ್ನು ಹಿಡಿದು ತನ್ನ ದವಡೆಯ ಮೇಲೆ, ಮೂಳೆ ಮೂಳೆಗೆ ಕೂಡದೆ ಗುಳಿಬಿದ್ದ ಕಡೆಯಲ್ಲಿ ಇಟ್ಟುಕೊಂಡ.

ಆ ಮಧ್ಯಾಹ್ನ ಗಂಗಣ್ಣ ಕುಂಟುತ್ತ ತಾಯಿಮರಡಿಗೆ ಹೋದ. ಹದ್ದುಗಳು ಮೇಲೇಳದಷ್ಟು ತಿಂದಿದ್ದವು. ಇಳಿಜಾರಿನ ಬಾಯಿಗೆ ಬಲೆ ಕಟ್ಟಿದ ಗೂಟಗಳು ಹಾಗೇ ಇದ್ದವು. ತಾಯಿಗಳನ್ನು ಹೊತ್ತು ಒಯ್ದಿದ್ದರು. ಮರಿಗಳಿಗೆ ಗುಂಡು ದಂಡವೆಂದು ಹಿಂಗಾಲು ಹಿಡಿದು ಬಂಡೆಗೆ ಬಡಿದಿದ್ದರು. ಬಂಡೆಯ ಮೈಯಲ್ಲಿ ಅಲ್ಲಲ್ಲಿ ಕೂದಲು ಅಂಟಿತ್ತು. ಅವನು ಚುಕ್ಕಿ ಇಟ್ಟ ಕಡೆಗಳಲ್ಲೇ, ತಪ್ಪದೆ. ಹಿಂದಿನಿಂದ ಬಂದು ನಿಂತ ಮಾರಣ್ಣನಿಗೆ ಅವನು ಶಾಲೆಯ ಗೋಡೆಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಬಿಳೀ ಪಂಚೆ, ಗಂಧ ಎಂದಾಗ ಮಾರಣ್ಣ ಬಂಡೆಗೆ ಅಂಟಿದ ಕೂದಲನ್ನು ಬೆರಳಿನಿಂದ ಬಿಡಿಸುತ್ತಿದ್ದ. ಕ್ವಾರಿ ಎಂದಾಗ ಅವನು ಎಡಗೈ ಎತ್ತಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ ತೋರಿಸಿದ.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಗಂಗಣ್ಣ ಕೇಳಿದ. ಹೇಳಿದ್ದರೆ ನೀನು ಕೊಡಲಿ ಹಿಡಿದು ಹೋಗುತ್ತಿದ್ದೆ, ಅವರು ನಿನ್ನನ್ನು ಸುಟ್ಟುಹಾಕುತ್ತಿದ್ದರು ಎಂಬುದು ಮಾರಣ್ಣನ ತೊದಲು ಮಾತಿನ ಅರ್ಥ.

ಕೊಡಲಿ ಬೇಡ ಎಂದ ಗಂಗಣ್ಣ. ಉಳಿದ ಹುಲ್ಲೆಗಳು ಬೆದರಿ ಪಡುವಣಕ್ಕೆ ಹೋಗಿರುತ್ತವೆ. ಅವನ್ನು ಹುಡುಕಿಕೊಂಡು ಅವರು ಮತ್ತೆ ಬಂದೇ ಬರುತ್ತಾರೆ. ಬರುವ ಮೊದಲು ನಾವೇ ಕರೆಯೋಣ. ಹೆಬ್ಬಂಡೆ ಓಣಿ ಅವರಿಬ್ಬರಿಗೂ ಗೊತ್ತಿದ್ದ ಜಾಗ. ಎರಡು ಕಡೆ ಆನೆಗಾತ್ರದ ಬಂಡೆ, ಆಚೆ ತುದಿಗೆ ಗೋಡೆಯಂಥ ಕಲ್ಲು, ಹೋಗಲು ಬರಲು ಒಂದೇ ಬಾಯಿ. ಹಟ್ಟಿಯವರನ್ನು ಜೊತೆಗೆ ಕರೆದುಕೊಂಡು ಅಲ್ಲಿ ಕೂಡಿಹಾಕಿ, ಕೋವಿ ಕಸಿದುಕೊಂಡು, ಇಲಾಖೆಯ ಸಾಹೇಬರನ್ನು ಕರೆಸಿ ಒಪ್ಪಿಸುವುದು. ಅಷ್ಟೇ ಅಲ್ವಾ ಅಣ್ಣ ಎಂದು ಗಂಗಣ್ಣ ಎರಡು ಸಲ ಕೇಳಿದ. ಮಾರಣ್ಣ ತಲೆಯಾಡಿಸಿದ.

ಗೋದಾಮಿನಲ್ಲಿ ಗಂಗಣ್ಣ ಪ್ರಾಣಿಗಳ ಪದರವನ್ನು ಹೊಸದಾಗಿ ಎಳೆಯಲು ಕೂತ. ಹುಲ್ಲೆಗಳು ಈಗ ನಿಜವಾಗಿ ಇದ್ದ ಕಡೆಯಲ್ಲೇ ಕಾಗದದ ಮೇಲೆ ಚುಕ್ಕಿ ಇಟ್ಟುಕೊಂಡು, ಯಂತ್ರ ನಾಲ್ಕು ಮೂಲೆಗೆ ಅಂಕಿ ಕೇಳಿದಾಗ ನಾಲ್ಕಕ್ಕೂ ಒಂದೇ ಸುಳ್ಳು ಹೇಳಿದ. ಯಂತ್ರ ಕೂಗಲಿಲ್ಲ. ಬೆಟ್ಟ ಹಳ್ಳಗಳು ಇದ್ದಲ್ಲೇ ಇದ್ದವು. ಚುಕ್ಕಿಗಳು ಮಾತ್ರ ಮಂದೆಯ ಹಾಗೆ ಒಟ್ಟಾಗಿ ಎದ್ದು, ಹಳ್ಳ ದಾಟಿ, ಹೆಬ್ಬಂಡೆ ಓಣಿಯೊಳಗೆ ಹೋಗಿ ನಿಂತವು. ಪ್ರಿಂಟರು ಕರಕರ ಎಂದು ಒಂದೊಂದೇ ಸಾಲು ಹೊರಗೆ ಹಾಕುವಾಗ ನಂದೀಶ್ವರಯ್ಯನವರು ಬಂದು ಭುಜದ ಹಿಂದೆ ನಿಂತರು.

“ನಿನ್ ಜಿಂಕೆ ಮತ್ತೆ ನಡೆದುಬಿಟ್ವಲ್ಲೋ.”

“ಇರ್ಲಿ ಸ್ವಾಮಿ. ಇದು ಕಲಿಯಾಕೆ ತೆಗ್ದಿದ್ದು.”

ಅವರು ಅವನ ಸೀಳಿದ ತುಟಿಯನ್ನೂ ಬಾತ ಕಣ್ಣನ್ನೂ ನೋಡಿದರು. ಲವಂಗದ ಡಬ್ಬಿ ತೆಗೆದು ಅವನ ಮುಂದೆ ಹಿಡಿದರು.

ಹೊಸ ನಕ್ಷೆ ಹಿಡಿದು ಹೋದಾಗ ಕ್ವಾರಿಯಲ್ಲಿ ದೊಡ್ಡಹನುಮಯ್ಯ ಪಂಚೆಯಲ್ಲಿರಲಿಲ್ಲ. ಕಲ್ಲುಪುಡಿ ಮೆತ್ತಿದ ಪ್ಯಾಂಟು, ಮೊಣಕಾಲಿನ ಹತ್ತಿರದವರೆಗೂ ಬರುವ ಬೂಟು. ಗಂಗಣ್ಣ ಕಣ್ಣನ್ನು ಅವನ ಮುಖದ ಮೇಲೇ ಇಟ್ಟುಕೊಂಡ, ಕೆಳಗೆ ಬಿಡಲಿಲ್ಲ.

“ಪಾಲು ಮುಟ್ತಾ?” ಎಂದ ದೊಡ್ಡಹನುಮಯ್ಯ.

“ಮುಟ್ತು.”

“ತಿಂದ್ಯಾ?”

“ತಿಂದೆ.”

“ಬಾಯಿಗೆ ಏನಾತ್ಲಾ ಮತ್ತೆ?”

“ಹಸೀದೇ ತಿಂದೆ. ಮೂಳೆ ತಾಕ್ತು.”

ದೊಡ್ಡಹನುಮಯ್ಯ ಹೊಟ್ಟೆ ಕುಲುಕಿಸಿ ನಕ್ಕ, ಕೂಲಿಯವನನ್ನು ಕರೆದು ಗಂಗಣ್ಣನಿಗೆ ಟೀ ತರಿಸಿದ. ತನ್ನ ಅಪ್ಪನೂ ಅಷ್ಟೇ, ಕೈಗೆ ಮೊಲ ಸಿಕ್ಕರೂ ಜಾಡಿನ ಪಾಲು ತಪ್ಪಿಸುತ್ತಿರಲಿಲ್ಲ ಎಂದ. ಈಗಿನವರಿಗೆ ಇದೆಲ್ಲ ಎಲ್ಲಿ ಗೊತ್ತು, ದುಡ್ಡು ಬಿಸಾಡಿದರೆ ಆಯಿತು ಅಂದುಕೊಂಡಿದ್ದಾರೆ ಎಂದ. ಆಮೇಲೆ ನಕ್ಷೆಯನ್ನು ಬಿಚ್ಚಿ, ನಾಲ್ಕು ಮೂಲೆಗೂ ಜಲ್ಲಿಕಲ್ಲು ಹೇರಿ, ಬಗ್ಗಿ ನೋಡಿದ.

“ತಿಂದೋನು ಸುಳ್ಳು ಜಾಡು ಹೇಳಂಗಿಲ್ಲ. ಅದೂ ಗೊತ್ತಲ್ಲ ನಿಂಗೆ?”

“ಗೊತ್ತು. ನಾಲಿಗೇಗೆ ಹುಳ ಬೀಳ್ತದೆ ಅಂತಾರೆ.”

“ಅಂಗೇ ಆಗೋದು,” ಎಂದು ದೊಡ್ಡಹನುಮಯ್ಯ ಸುರುಳಿ ಸುತ್ತಿದ.

ಅವರು ಬಂದದ್ದು ಎರಡು ದಿನ ಬಿಟ್ಟು, ಹೊತ್ತು ಪಡುವಣಕ್ಕೆ ವಾಲಿದ ಮೇಲೆ. ಜೀಪನ್ನು ಹಳ್ಳದ ಆಚೆಗೆ ಬಿಟ್ಟು, ಬಲೆ ಹೊತ್ತ ಇಬ್ಬರು, ಕೋವಿಯ ಒಬ್ಬ, ಹಿಂದೆ ದೊಡ್ಡಹನುಮಯ್ಯ. ಓಣಿಯ ಬಾಯಲ್ಲಿ ಅವನು ನಿಂತು ನಕ್ಷೆಯನ್ನು ಬಿಚ್ಚಿ ಬಂಡೆಗಳನ್ನು ತಾಳೆ ನೋಡಿ ತೃಪ್ತಿಯಾದವನಂತೆ ಮಡಚಿದ್ದು ಬಂಡೆಯ ನೆತ್ತಿಯಲ್ಲಿ ಮಲಗಿದ್ದ ಗಂಗಣ್ಣನಿಗೆ ಕಂಡಿತು. ಅವರು ಒಳಗೆ ಹೋದರು. ಹಿಂದಿನಿಂದ ಹಟ್ಟಿಯವರು ಕಾರೆಮುಳ್ಳಿನ ಹೊರೆಗಳನ್ನು ಉರುಳಿಸಿ, ಸಂಜೆ ಕುರಿ ರೊಪ್ಪದ ಬಾಯಿ ಮುಚ್ಚುವ ಹಾಗೆ ಓಣಿಯನ್ನು ಮುಚ್ಚಿದರು.

ಕೋವಿ ಕೆಳಗಿಡಿ ಎಂದು ಬೋರಪ್ಪ ಮೇಲಿನಿಂದ ಕೂಗಿದ. ಅದಕ್ಕೆ ಉತ್ತರವಾಗಿ ಕೋವಿಯೇ ಮಾತಾಡಿತು. ಸೀಸದ ಚಿಲ್ಲು ಬೋರಪ್ಪನ ಹೆಗಲಿಗೆ ಹೊಕ್ಕು ಅವನು ಕೂತುಬಿಟ್ಟ. ಆಮೇಲೆ ಯಾರ ಕೈಯನ್ನು ಯಾರೂ ಹಿಡಿಯುವ ಹಾಗಿರಲಿಲ್ಲ. ಕವಣೆಯಿಂದ ಹೊರಟ ಕಲ್ಲುಗಳು ಎರಡು ಕಡೆಯಿಂದಲೂ ಇಳಿದವು. ಕೋವಿಯವನ ಕಣ್ಣುಗುಡ್ಡೆಗೆ ಒಂದು ಬಿದ್ದು ಅವನು ಮುಖ ಹಿಡಿದುಕೊಂಡು ಸುತ್ತತೊಡಗಿದ. ಬಲೆಯವರು ಮುಳ್ಳಿನ ಕಡೆ ಓಡಿ, ಮುಳ್ಳಿನಲ್ಲೇ ಸಿಕ್ಕಿಬಿದ್ದು, ತಮ್ಮ ಬಲೆಯನ್ನೇ ಮೈಗೆ ಸುತ್ತಿಕೊಂಡರು. ಅವರನ್ನು ಬಲೆಯ ಸಮೇತ ಕೋಲಿನಿಂದ ಬಡಿದರು. ಬಂಡೆಗಳ ನಡುವೆ ಕೂಗು ಸುತ್ತಿ ಸುತ್ತಿ ಬಂದು ಯಾರದು ಎಂದು ತಿಳಿಯದೆ ಹೋಯಿತು.

ಮಾರಣ್ಣ ಕವಣೆ ಬೀಸಲಿಲ್ಲ. ಅವನು ನಿಧಾನಕ್ಕೆ, ಕುರಿಗೆ ಸೊಪ್ಪು ಇಳಿಸಲು ಹೋದವನಂತೆ ಕೆಳಗಿಳಿದ. ದೊಡ್ಡಹನುಮಯ್ಯ ತೊಡೆಗೆ ಕಲ್ಲೇಟು ಬಿದ್ದು ಬಂಡೆಗೆ ಒರಗಿ ಕೂತಿದ್ದ. ಬಲಗಾಲು ಮುಂದಕ್ಕೆ ಚಾಚಿತ್ತು. ಮಾರಣ್ಣ ಅವನ ಮುಖವನ್ನು ನೋಡಲಿಲ್ಲ, ಬೂಟನ್ನೇ ನೋಡಿದ. ಹತ್ತಿರದಲ್ಲಿದ್ದ ರುಬ್ಬುಗುಂಡಿನಂಥ ಕಲ್ಲನ್ನು ತಬ್ಬಿ ಎತ್ತಿ, ಎದೆಯ ಮಟ್ಟಕ್ಕೆ ತಂದು, ಬೂಟಿನ ಮೇಲೆ ಬಿಟ್ಟ. ಹಸಿಕಟ್ಟಿಗೆ ಮುರಿದ ಸದ್ದು. ಮತ್ತೆ ಎತ್ತಿದ.

“ಅಣ್ಣ, ಸಾಕು. ಅಣ್ಣ.”

ಗಂಗಣ್ಣನ ದನಿ ಓಣಿಯೊಳಗೆ ಸುತ್ತು ಹೊಡೆಯಿತು. ಆ ದನಿಯ ಕಡೆಗೆ ತಿರುಗಿದ್ದು ಮಾರಣ್ಣನಲ್ಲ, ದೊಡ್ಡಹನುಮಯ್ಯ. ನೋವಿಗೆ ಬಿಳಿಚಿದ ಅವನ ಮುಖದಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಾಗಿತ್ತು.

“ಪಾಲು ತಿಂದಿದೀನಿ ಅಂದ್ಯಲ್ಲೋ,” ಎಂದ.

ಕಲ್ಲು ಎರಡನೇ ಸಲ ಬಿತ್ತು. ಮೂರನೇ ಸಲ ಬಿತ್ತು. ಗಂಗಣ್ಣ ಇಳಿದು ಬಂದು ಅಣ್ಣನನ್ನು ಹಿಂದಿನಿಂದ ತಬ್ಬಿ ಹಿಡಿಯುವ ಹೊತ್ತಿಗೆ ಬೂಟಿನೊಳಗೆ ಕಾಲಿನ ಆಕಾರ ಉಳಿದಿರಲಿಲ್ಲ. ಹೊಲಿಗೆಗಳ ಸಂದಿನಿಂದ ರಕ್ತ ಜಿನುಗುತ್ತಿತ್ತು.

ಇಲಾಖೆಯ ಸಾಹೇಬರನ್ನು ಯಾರೂ ಕರೆಯಲಿಲ್ಲ. ಕೋವಿಯನ್ನು ಕಲ್ಲಿಗೆ ಬಡಿದು ಮುರಿದು ಹಳ್ಳದ ಮಡುವಿಗೆ ಹಾಕಿದರು. ನಡೆಯಬಲ್ಲವರು ನಡೆಯಲಾರದವನನ್ನು ಜೀಪಿಗೆ ಎಳೆದುಕೊಂಡು ಹೋದರು. ಕ್ವಾರಿಯಲ್ಲಿ ಕಲ್ಲು ಉರುಳಿತು ಎಂದು ಅವರು ತುಮಕೂರಿನ ಆಸ್ಪತ್ರೆಯಲ್ಲಿ ಹೇಳಿದರಂತೆ. ನಿಜ ಹೇಳಿದರೆ ಹುಲ್ಲೆಗಳ ಲೆಕ್ಕವೂ ಹೊರಗೆ ಬರುತ್ತಿತ್ತಲ್ಲ. ಮೊಣಕಾಲಿನ ಕೆಳಗೆ ಕತ್ತರಿಸಿದರು ಎಂಬ ಸುದ್ದಿ ಬಸ್ಸಿನವರ ಬಾಯಿಂದ ಬಂತು. ಬೋರಪ್ಪನ ಹೆಗಲಿನ ಚಿಲ್ಲುಗಳನ್ನು ಹಟ್ಟಿಯಲ್ಲೇ ಚಾಕು ಕಾಯಿಸಿ ತೆಗೆದರು.

ಓಣಿಯಿಂದ ಬಂದ ಮರುದಿನ ಬೆಳಗ್ಗೆ ಹೊಸ್ತಿಲು ತೊಳೆಯಲು ಹೋದ ಪುಟ್ಟಕ್ಕ ಈ ಸಲ ತಂಬಿಗೆ ಕೈಬಿಡಲಿಲ್ಲ. ಒಳಗೆ ಬಂದು ಗಂಡನ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದಳು. “ನಿಮ್ ಪಾಲು ಬಂದದೆ. ಎದ್ದು ನೋಡಿ.”

ಬಾಗಿಲ ತೊಲೆಗೆ, ಅದೇ ಜಾಗದಲ್ಲಿ, ಒಂದು ಬೂಟು ತೂಗುತ್ತಿತ್ತು. ಅದರ ದಾರ ಬಿಚ್ಚಿರಲಿಲ್ಲ, ಮೇಲಿನಿಂದ ಕೆಳಗಿನವರೆಗೆ ಕುಡುಗೋಲಿನಿಂದ ಸೀಳಿ ತೆಗೆದಿದ್ದರು. ಅಡಿಯಿಂದ ತೊಟ್ಟಿಕ್ಕಿದ್ದು ಸಾರಿಸಿದ ನೆಲದ ಮೇಲೆ ಒಣಗಿ ಕಪ್ಪಾಗಿತ್ತು.

ಗಂಗಣ್ಣ ಹೊರಗೆ ಬಂದು ಅದನ್ನು ನೋಡಿದ. ಹಟ್ಟಿ ಎದ್ದು ಓಡಾಡುತ್ತಿತ್ತು. ಯಾರೂ ಇತ್ತ ತಿರುಗಿ ನೋಡಲಿಲ್ಲ, ಬಾಗಿಲಿಗೆ ಬಂದ ಪಾಲನ್ನು ಬೇರೆಯವರು ದಿಟ್ಟಿಸಬಾರದು. ಬಂದದ್ದನ್ನು ಬೇಡ ಅನ್ನುವಂತೆಯೂ ಇಲ್ಲ. ಅವನು ಕೈ ಎತ್ತಿ ಹಗ್ಗ ಬಿಚ್ಚಿದ. ಇಷ್ಟು ಭಾರ ಇರಬಹುದೆಂದು ಅಂದುಕೊಂಡಿರಲಿಲ್ಲ. ಒಳಗೆ ಒಯ್ದು ಕಣಜದ ಹಿಂದೆ ಇಟ್ಟು, ಕೈ ತೊಳೆದುಕೊಂಡು ಬಂದ.

ಎದುರು ಗುಡಿಸಲ ಜಗಲಿಯಲ್ಲಿ ಮಾರಣ್ಣ ಅಂಬಲಿಯ ಬೋಗುಣಿ ಹಿಡಿದು ಕೂತಿದ್ದ. ತನ್ನೆದುರಿನ ನೆಲವನ್ನು ಅಂಗೈಯಿಂದ ಒಮ್ಮೆ ಒರೆಸಿ, ಬಾ ಎಂಬಂತೆ ತಟ್ಟಿದ. ಪುಟ್ಟಕ್ಕ ತಣಿಗೆಯಲ್ಲಿ ರಾತ್ರಿಯ ಮುದ್ದೆ, ಹುರುಳಿ ಸಾರು ತಂದು ಇಟ್ಟಳು. ಗಂಗಣ್ಣ ಕೂತ. ಮಾರಣ್ಣ ಬೋಗುಣಿಯನ್ನು ಬಾಯಿಗೆ ಎತ್ತಿದ. ಅಂಬಲಿ ಒಂದು ಮಗ್ಗುಲಿನಿಂದ ಒಳಗೆ ಹೋಗಿ ಇನ್ನೊಂದು ಮಗ್ಗುಲಿನಿಂದ ಗಡ್ಡದ ಮೇಲೆ ಇಳಿಯಿತು. ಅದನ್ನು ಒರೆಸಿಕೊಳ್ಳುತ್ತ ಅವನು ತಮ್ಮನ ಕಣ್ಣನ್ನೇ ನೋಡಿದ. ಗಂಗಣ್ಣ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಇಟ್ಟುಕೊಂಡ. ಸೀಳಿದ ತುಟಿಗೆ ಖಾರ ಹತ್ತಿತು. ನುಂಗಲು ಆಗಲಿಲ್ಲ. ಏಳಲೂ ಆಗಲಿಲ್ಲ.